ಅಕ್ಕನ ಕತ್ತಿನ ಸಾಸಿವೆ

ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ, ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಸಾಲು ತಪ್ಪಿಸಿ ಒಳಗೆ ನುಗ್ಗುವವರಿಗೆ, ಮುಚ್ಚಳ ಹಾಕದೆ ಜೆಲ್ ಬಾಟಲಿ ಇಡುವವರಿಗೆ, ಕಟ್ಟಿಕೊಂಡ ಗಂಡನಿಗೆ, ಯಾರಿಗೆ ಬೇಕಾದರೂ ಮುಖ ಮೂತಿ ನೋಡದೆ ಬೈದುಬಿಡುತ್ತೇನೆ. ಅಂಥವಳಿಗೆ ಆ ದಿನ ಸ್ಕ್ಯಾನ್ ಕೋಣೆಯಲ್ಲಿ ಒಂದು ಮಾತೂ ಹೊರಡಲಿಲ್ಲ. ಟೈಪು ಮಾಡುತ್ತಿದ್ದ ಕೈ ಅಲ್ಲೇ ನಿಂತುಹೋಯಿತು. ನಮ್ಮ ಕಣ್ಣೆದುರಿಗೆ, ನಮ್ಮ ಕೈಯಿಂದಲೇ, ನಾವೆಲ್ಲ ನಗುನಗುತ್ತಾ ಇರುವಾಗಲೇ ಅಂಥದ್ದು ಹೇಗೆ ಆಯಿತು ಅಂತ ನನಗೆ ಇನ್ನೂ ಅರ್ಥವಾಗಿಲ್ಲ.

ಅಕ್ಕ ಎಂದರೆ ನನ್ನ ಗಂಡನ ಅಕ್ಕ. ಸಂಬಂಧದಲ್ಲಿ ನನಗೆ ನಾದಿನಿ, ಆದರೆ ನಮ್ಮ ಸ್ಕ್ಯಾನ್ ಸೆಂಟರಿನಲ್ಲಿ ಡಾಕ್ಟರಮ್ಮನಿಂದ ಹಿಡಿದು ಬಾಗಿಲು ಕಾಯುವವನ ತನಕ ಎಲ್ಲರಿಗೂ ಅವರು ಅಕ್ಕನೇ. ತಾಯಿ ತೀರಿಕೊಂಡಾಗ ನಮ್ಮವರಿಗೆ ತಮ್ಮ ಚಡ್ಡಿಯ ಗುಂಡಿ ಹಾಕಿಕೊಳ್ಳಲೂ ಬರುತ್ತಿರಲಿಲ್ಲವಂತೆ. ತಂದೆ ಲಾರಿ ಓಡಿಸುತ್ತಿದ್ದರು, ಮನೆಗೆ ಬಂದರೂ ನೆಂಟರ ಹಾಗೆ ಬಂದು ಹೋಗುತ್ತಿದ್ದರು. ಅಕ್ಕ ಶಾಲೆ ಬಿಟ್ಟು ದೊಡ್ಡಾಸ್ಪತ್ರೆಯಲ್ಲಿ ಬಟ್ಟೆ ಒಗೆಯುವ ಕೆಲಸಕ್ಕೆ ಸೇರಿದರು. ಕುದಿಯುವ ನೀರಿನಿಂದ ಹಾಸಿಗೆ ಬಟ್ಟೆ ಎತ್ತಿ ಎತ್ತಿ ಅವರ ಎರಡೂ ಕೈಗಳ ಮೊಣಕೈವರೆಗಿನ ಚರ್ಮ ಸುಲಿದ ಈರುಳ್ಳಿಯ ಹಾಗೆ ನುಣ್ಣಗಾಗಿತ್ತು. ಮದುವೆಯ ಮಾತು ಬಂದಾಗಲೆಲ್ಲ, ಇವನೊಬ್ಬ ದಡ ಸೇರಲಿ ಎನ್ನುತ್ತಿದ್ದರಂತೆ. ಇವರು ದಡ ಸೇರಿ ಸ್ಕ್ಯಾನ್ ಮಾಡುವ ಕೆಲಸ ಕಲಿತು, ನನ್ನನ್ನೂ ಕಟ್ಟಿಕೊಂಡರು. ಅಷ್ಟು ಹೊತ್ತಿಗೆ ಅಕ್ಕನನ್ನು ಕೇಳಲು ಬರುವವರು ಯಾರೂ ಇರಲಿಲ್ಲ.

ಆಮೇಲೆ ನಮ್ಮವರೇ ಡಾಕ್ಟರಮ್ಮನಿಗೆ ಹೇಳಿ ಅಕ್ಕನನ್ನು ನಮ್ಮ ಸೆಂಟರಿಗೆ ಕರೆದುಕೊಂಡರು. ಹಾಗಾಗಿ ಒಂದೇ ಮನೆಯ ಮೂವರು ಒಂದೇ ಕತ್ತಲೆ ಕೋಣೆಯಲ್ಲಿ. ಬಂದವರನ್ನು ಮಲಗಿಸಿ, ಮೈಗೆ ಬಟ್ಟೆ ಹೊದಿಸಿ, ಜೆಲ್ ಬಾಟಲಿಯನ್ನು ಬಿಸಿನೀರಿನ ಲೋಟದಲ್ಲಿ ಬೆಚ್ಚಗೆ ಇಡುವುದು ಅಕ್ಕ. ಸ್ಕ್ಯಾನ್ ಮಾಡುವುದು ನಮ್ಮವರು. ಚಿತ್ರ ನೋಡಿ ಏನಿದೆ ಏನಿಲ್ಲ ಎಂದು ಹೇಳುವುದು ಡಾಕ್ಟರಮ್ಮ. ಮೂಲೆಯ ಮೇಜಿನ ಮುಂದೆ ಕೂತು ಅದನ್ನು ಟೈಪು ಮಾಡುವುದು ನಾನು. ಹೊಟ್ಟೆಯ ಸ್ಕ್ಯಾನಿಗೆ ನೀರು ಕುಡಿಯದೆ ಬಂದವರಿಗೆ ಅಕ್ಕ ಮಾಡುತ್ತಿದ್ದ ಗೇಲಿ ಕೇಳಿ ಹೊರಗೆ ಕಾಯುತ್ತಿದ್ದವರೂ ನಗುತ್ತಿದ್ದರು. ಹೆದರಿಕೊಂಡು ಬಂದವರು ಒಳಗೆ ಬರುವಷ್ಟರಲ್ಲಿ ಅರ್ಧ ಹಗುರಾಗಿರುತ್ತಿದ್ದರು.

ಅಕ್ಕನಿಗೆ ಇನ್ನೊಂದು ಕೆಲಸವಿತ್ತು. ಅದನ್ನು ಯಾರೂ ಕೊಟ್ಟದ್ದಲ್ಲ, ತಾನಾಗಿ ಬಂದದ್ದು. ಸ್ಕ್ಯಾನ್ ಮಷೀನನ್ನು ಕಂಪನಿಯವರು ತಂದು ಜೋಡಿಸಿ ಹೋಗುತ್ತಾರೆ, ಆದರೆ ಅವರು ಕೊಟ್ಟ ಹಾಗೆಯೇ ಅದನ್ನು ಬಳಸುವುದು ನಮ್ಮವರ ಜಾಯಮಾನವಲ್ಲ. ಬೆಳಕು ಎಷ್ಟು, ಆಳ ಎಷ್ಟು, ರಕ್ತ ಹರಿಯುವುದನ್ನು ತೋರಿಸುವ ಕೆಂಪು ನೀಲಿ ಬಣ್ಣ ಎಷ್ಟು ಎಂದು ಒಂದೊಂದನ್ನೂ ತಿರುಗಿಸಿ ತಮ್ಮ ಕಣ್ಣಿಗೆ ಹೊಂದಿಸಿಕೊಂಡು ಉಳಿಸಿಡಬೇಕು. ಅದಕ್ಕೆ ಒಬ್ಬರು ಮಲಗಬೇಕು. ಆ ಒಬ್ಬರು ಯಾವಾಗಲೂ ಅಕ್ಕ. ಗೊತ್ತಿರೋ ಮೈಮೇಲೆ ಸೆಟ್ಟಿಂಗ್ ಕೂರಿಸಿದರೆ ಮಷೀನು ಸುಳ್ಳು ಹೇಳಲ್ಲ ಎನ್ನುವುದು ನಮ್ಮವರ ವಾದ. ಅಕ್ಕನ ಯಕೃತ್ತು, ಅಕ್ಕನ ಮೂತ್ರಪಿಂಡ, ಅಕ್ಕನ ಕತ್ತಿನ ಥೈರಾಯ್ಡ್ ಗ್ರಂಥಿ, ಎಲ್ಲವೂ ಅವರಿಗೆ ತಮ್ಮ ಮನೆಯ ಅಡುಗೆಕೋಣೆಯಷ್ಟು ಪರಿಚಯ. ಕಲಿಯಲು ಬರುವವರಿಗೂ ಅಕ್ಕನನ್ನೇ ತೋರಿಸಿ, ಆರೋಗ್ಯ ಅಂದರೆ ಇದು, ನೋಡ್ಕೊಳ್ಳಿ ಎನ್ನುತ್ತಿದ್ದರು. ಅಕ್ಕ ಮಲಗಿದ್ದಲ್ಲಿಂದಲೇ, ಹೊರಗೂ ಸ್ವಲ್ಪ ನೋಡ್ಕೊಳ್ಳಿ, ಚೆನ್ನಾಗೇ ಇದೀನಿ ಎನ್ನುತ್ತಿದ್ದರು.

ಆ ಕತ್ತಿನ ಗ್ರಂಥಿಯ ಬಲಭಾಗದಲ್ಲಿ ಒಂದು ಸಣ್ಣ ಕಪ್ಪು ಚುಕ್ಕೆ ಇತ್ತು. ಒಂದು ವಯಸ್ಸು ದಾಟಿದವರಲ್ಲಿ ಇಂಥವು ಎಷ್ಟೋ ಜನಕ್ಕೆ ಇರುತ್ತವೆ, ಹೆಚ್ಚಿನವು ಏನೂ ಮಾಡುವುದಿಲ್ಲ. ಮೊದಲ ಸಲ ಕಂಡಾಗ ಡಾಕ್ಟರಮ್ಮನೂ ನೋಡಿ, ಇರಲಿ, ಆಗಾಗ ನೋಡ್ತಿರಿ ಎಂದಿದ್ದರು. ನಮ್ಮವರು ಅದಕ್ಕೆ ಸಾಸಿವೆ ಎಂದು ಹೆಸರಿಟ್ಟರು. ಆಗಾಗ ನೋಡುತ್ತಲೇ ಇದ್ದರು, ಅದು ನಿಜ. ಆದರೆ ಅಳತೆ ತೆಗೆಯುತ್ತಿರಲಿಲ್ಲ. ಹೊರಗಿನವರದಾದರೆ ಉದ್ದ ಅಗಲ ಎಲ್ಲ ಬರೆಸಿ ನನ್ನ ಕೈಯಲ್ಲಿ ಟೈಪು ಮಾಡಿಸುತ್ತಿದ್ದರು. ಮನೆಯವರನ್ನು ಯಾರು ಅಳೆಯುತ್ತಾರೆ? ಸಾಸಿವೆ ಇದೆಯಾ, ಇದೆ, ಅಷ್ಟಕ್ಕೆ ಮುಗಿಯಿತು.

ಹೊಸ ಮಷೀನು ಬಂದ ದಿನ ಸೆಂಟರಿನಲ್ಲಿ ಮದುವೆಮನೆಯ ಸಂಭ್ರಮ. ಡಾಕ್ಟರಮ್ಮ ಯಾವುದೋ ಸಮ್ಮೇಳನಕ್ಕೆ ಬೇರೆ ಊರಿಗೆ ಹೋಗಿದ್ದರು. ಕಂಪನಿಯ ಇಂಜಿನಿಯರು ಎಲ್ಲ ಜೋಡಿಸಿ, ಇದು ಬಹಳ ಸೂಕ್ಷ್ಮ, ತೀರ ನಿಧಾನವಾಗಿ ಹರಿಯುವ ರಕ್ತವನ್ನೂ ತೋರಿಸುತ್ತದೆ ಎಂದು ಒಂದು ಪುಟ್ಟ ಭಾಷಣ ಬಿಗಿದು ಹೋದರು. ಅವರು ಅತ್ತ ಹೋದದ್ದೇ ತಡ, ನಮ್ಮವರು ಇತ್ತ ಅಕ್ಕನನ್ನು ಮಲಗಿಸಿದರು. ಮಷೀನಿನ ಹಿಡಿಯನ್ನು ಕತ್ತಿನ ಮೇಲೆ ಇಟ್ಟು ಬಣ್ಣದ ಗುಂಡಿ ಒತ್ತಿದರೆ ಸಾಸಿವೆಯ ತುಂಬ ಕೆಂಪು, ನೀಲಿ. ಅಂಚಿನಲ್ಲಷ್ಟೇ ಅಲ್ಲ, ಒಳಗೂ ಸೊಟ್ಟಸೊಟ್ಟ ಎಳೆಗಳು ಮಿಣುಕುತ್ತಿದ್ದವು. ನಾವು ಮೂವರೂ ಪರದೆಯನ್ನೇ ನೋಡಿದೆವು.

ಏನೋ ಇದು ಬಣ್ಣದ ಜಾತ್ರೆ ಎಂದು ಅಕ್ಕ ಕೇಳಿದರು. ಮಷೀನು ಹೊಸದು, ಉತ್ಸಾಹ ಜಾಸ್ತಿ, ಇಲ್ಲದ್ದನ್ನೂ ತೋರಿಸುತ್ತಿದೆ ಎಂದರು ನಮ್ಮವರು. ಹೊಸ ಸೊಸೆ ಹಾಗೆ ಎಂದು ಅಕ್ಕ ನನ್ನ ಕಡೆ ಕಣ್ಣು ಹೊಡೆದರು. ನಾನು ಬೈದೆ, ಎಲ್ಲರೂ ನಕ್ಕೆವು. ನಮ್ಮವರು ಬಣ್ಣದ ಗುಂಡಿಯನ್ನು ಸ್ವಲ್ಪ ಇಳಿಸಿದರು, ಕೆಲವು ಎಳೆಗಳು ಆರಿದವು. ನಿಧಾನದ ರಕ್ತವನ್ನು ಬಿಟ್ಟು ಜೋರಾಗಿ ಹರಿಯುವುದನ್ನಷ್ಟೇ ತೋರಿಸುವಂತೆ ಇನ್ನೊಂದನ್ನು ಏರಿಸಿದರು, ಉಳಿದವೂ ಆರಿದವು. ಸಾಸಿವೆ ಮೊದಲಿನ ಹಾಗೆ ಕಪ್ಪಗಾಯಿತು. ಈಗ ಸರಿಹೋಯ್ತು ಎಂದು ಕತ್ತಿನ ಸ್ಕ್ಯಾನಿಗೆ ಅದನ್ನೇ ಉಳಿಸಿಟ್ಟರು. ಅಕ್ಕ ಕತ್ತು ಒರೆಸಿಕೊಂಡು ಎದ್ದು ಹೋಗಿ ಮುಂದಿನವರನ್ನು ಕರೆದರು.

ಆಮೇಲೆ ಚಳಿ ಮುಗಿದು ಬಿಸಿಲು ಬಂತು. ಎಷ್ಟೋ ಜನರ ಕತ್ತು ಆ ಮಷೀನಿನ ಕೆಳಗೆ ಬಂದು ಹೋಯಿತು. ಬಟ್ಟೆ ಹೊಲಿಯುವ ಒಬ್ಬ ಹೆಂಗಸು ಬಂದದ್ದು ಆ ಬಿಸಿಲಿನಲ್ಲೇ. ಆಕೆಯ ಕತ್ತಿನ ಗಡ್ಡೆಗೆ ಬೇರೆ ಕಡೆ ಸೂಜಿ ಹಾಕಿ ಕಣ ತೆಗೆದು ನೋಡಿ ಕ್ಯಾನ್ಸರ್ ಎಂದು ಆಗಲೇ ಖಚಿತವಾಗಿತ್ತು. ಆಪರೇಷನ್ನಿಗೆ ಮುಂಚೆ ಅದರ ರಕ್ತನಾಳಗಳು ಎಲ್ಲೆಲ್ಲಿವೆ ಎಂದು ತಿಳಿಯಲು ಸರ್ಜನ್ ನಮ್ಮಲ್ಲಿಗೆ ಕಳಿಸಿದ್ದರು. ಇಂಥದ್ದನ್ನು ಡಾಕ್ಟರಮ್ಮ ತಾವೇ ಕೂತು ಮಾಡುತ್ತಾರೆ. ಕೂತರು, ಬಣ್ಣ ಹಾಕಿದರು. ಗಡ್ಡೆ ಕಪ್ಪಗಿತ್ತು. ಅಲ್ಲಾಡಿಸಿದರು, ಒತ್ತಿದರು, ಕೋನ ಬದಲಿಸಿದರು, ಕಪ್ಪೇ. ಹಣೆ ಗಂಟಿಕ್ಕಿಕೊಂಡು ಕಂಪನಿಯವರು ಕೊಟ್ಟಿದ್ದ ಮೂಲ ಹೊಂದಾಣಿಕೆಗೆ ಮಷೀನನ್ನು ತಿರುಗಿಸಿದರು. ಒಂದೇ ಸಲಕ್ಕೆ ಗಡ್ಡೆಯ ತುಂಬ ಬಣ್ಣ ಹತ್ತಿಕೊಂಡಿತು. ಕೆಂಪು, ನೀಲಿ, ಸೊಟ್ಟಸೊಟ್ಟ ಎಳೆಗಳು.

ನಾನು ಆ ಎಳೆಗಳನ್ನು ಎಲ್ಲೋ ನೋಡಿದ್ದೇನೆ ಅನ್ನಿಸಿತು. ಎಲ್ಲಿ ಎಂದು ಹೊಳೆಯುವ ಮುಂಚೆಯೇ ಟೈಪು ಮಾಡುತ್ತಿದ್ದ ಕೈ ನಿಂತುಹೋಯಿತು.

"ಆ ಸೆಟ್ಟಿಂಗ್‌ನಲ್ಲಿ ಯಾರ ಗಡ್ಡೆಗೂ ರಕ್ತ ಕಾಣಲ್ಲ" ಎಂದರು ಡಾಕ್ಟರಮ್ಮ, ಪರದೆಯಿಂದ ಕಣ್ಣು ತೆಗೆಯದೆ. "ಏನನ್ನ ನೋಡಿ ಕೂರಿಸಿದ್ರಿ ಇದನ್ನ?"

ನಮ್ಮವರು ಕೈಯಲ್ಲಿ ಒರೆಸುವ ಕಾಗದ ಹಿಡಿದು ನಿಂತಿದ್ದರು. ನಿಧಾನವಾಗಿ ಬಾಗಿಲ ಕಡೆ ತಿರುಗಿದರು. ಬಾಗಿಲಲ್ಲಿ ಅಕ್ಕ ಒಬ್ಬ ಮುದುಕರ ಕೋಲು ತೆಗೆದುಕೊಂಡು, ಇದನ್ನೇನು ಒಳಗೆ ಸ್ಕ್ಯಾನ್ ಮಾಡಿಸ್ತೀರಾ ಎಂದು ನಗಿಸುತ್ತಿದ್ದರು.

"ಅಕ್ಕನ್ನ" ಎಂದರು ನಮ್ಮವರು.

ಡಾಕ್ಟರಮ್ಮನಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಬೇಕಾಯಿತು. ಅರ್ಥವಾದ ಮೇಲೆ ಅವರ ಮುಖದಲ್ಲಿ ರಕ್ತವಿರಲಿಲ್ಲ. ಹೊಲಿಗೆಯ ಹೆಂಗಸಿನ ಕೆಲಸ ಮುಗಿಸಿ ಅವಳನ್ನು ಕಳಿಸಿ, ಅಕ್ಕನನ್ನು ಒಳಗೆ ಕರೆದು ಮಲಗಲು ಹೇಳಿದರು. ಮತ್ತೆ ಯಾವ ಹೊಸ ಮಷೀನು ಎಂದು ಅಕ್ಕ ಕೇಳಿದರು. ನಮ್ಮಲ್ಲಿ ಯಾರೂ ನಗದಿದ್ದಾಗ ಹೋಗಿ ಮಲಗಿ ಕತ್ತು ಚಾಚಿದರು. ಸಾಸಿವೆ ಈಗ ಸಾಸಿವೆಯಾಗಿರಲಿಲ್ಲ, ದ್ರಾಕ್ಷಿಯಷ್ಟಾಗಿತ್ತು. ದಿನಾ ಜೊತೆಗೇ ಇದ್ದು, ಆಗಾಗ ನೋಡುತ್ತಲೇ ಇದ್ದು, ಅದು ಬೆಳೆದದ್ದು ನಮಗೆ ಯಾರಿಗೂ ಕಂಡಿರಲಿಲ್ಲ. ಬಣ್ಣ ಹಾಕಿದ ಕೂಡಲೇ ಅದು ಒಳಗೂ ಹೊರಗೂ ಹತ್ತಿ ಉರಿಯಿತು.

ಡಾಕ್ಟರಮ್ಮ ಮುಚ್ಚಿಡುವವರಲ್ಲ. ಅಕ್ಕನ ಪಕ್ಕ ಕುಳಿತು ನೇರವಾಗಿ ಹೇಳಿದರು: "ಗಡ್ಡೆ ಸಣ್ಣದಿರೋ ತನಕ ಅಕ್ಕಪಕ್ಕದಿಂದ ಒಸರಿದ್ದರಲ್ಲೇ ಬದುಕುತ್ತೆ. ಬೆಳೀಬೇಕು ಅಂದ್ರೆ ಅದಕ್ಕೆ ರಕ್ತ ಬೇಕು. ಆಗ ಹತ್ತಿರದ ರಕ್ತನಾಳಗಳಿಗೆ ಹೇಳಿಕಳಿಸುತ್ತೆ, ಅವು ಕವಲೊಡೆದು ಅದರ ಕಡೆಗೇ ಬೆಳೀತಾವೆ. ಇವೆಲ್ಲ ಹಾಗೆ ಹೊಸದಾಗಿ ಹುಟ್ಟಿದ ನಾಳಗಳು. ಇಷ್ಟು ಮಾತ್ರಕ್ಕೆ ಕ್ಯಾನ್ಸರ್ ಅಂತ ಹೇಳೋಕಾಗಲ್ಲ. ಆದ್ರೆ ಸೂಜಿ ಹಾಕಿ ನೋಡಲೇಬೇಕು."

ನನ್ನ ಮೈಯೇ ಅದಕ್ಕೆ ನಲ್ಲಿ ಎಳೆದುಕೊಡ್ತಾ ಎಂದು ಅಕ್ಕ ಕೇಳಿದರು. ಹೆಚ್ಚುಕಮ್ಮಿ ಹಾಗೆಯೇ ಎಂದರು ಡಾಕ್ಟರಮ್ಮ. ಅಕ್ಕ ಮಲಗಿದ್ದಲ್ಲೇ ತಲೆ ತಿರುಗಿಸಿ ತಮ್ಮನನ್ನು ಹುಡುಕಿದರು. ನಮ್ಮವರು ಗೋಡೆಗೆ ಒರಗಿ ನಿಂತಿದ್ದರು, ಮುಖ ಸುಣ್ಣದ ಹಾಗಿತ್ತು.

"ಆವತ್ತು ಬಣ್ಣ ಬಂದಿತ್ತಲ್ಲೋ. ಅದು ಇದೇನಾ?"

ನಮ್ಮವರು ಹೌದೆಂದು ತಲೆಯಾಡಿಸಿದರು. ಅಕ್ಕ ಎದ್ದು ಕುಳಿತು ತಾವೇ ಕತ್ತು ಒರೆಸಿಕೊಂಡು, ಹೊರಗೆ ಜನ ಕಾಯುತ್ತಿದ್ದಾರೆ ಎಂದು ಬಾಗಿಲಿಗೆ ಹೋದರು.

ಸೂಜಿ ಹಾಕಿಸಿದೆವು. ಅನುಮಾನ ಇದೆ, ತೆಗೆದು ಪೂರ್ತಿ ಪರೀಕ್ಷೆ ಮಾಡದೆ ಹೇಳಲಾಗದು ಎಂದು ಬಂತು. ಇತ್ತ ಸೆಂಟರಿನಲ್ಲಿ ಆ ಚಳಿಗಾಲದಿಂದ ಕತ್ತಿನ ಸ್ಕ್ಯಾನ್ ಮಾಡಿಸಿಕೊಂಡವರನ್ನೆಲ್ಲ ಮತ್ತೆ ಕರೆಸಿದರು. ಯಾಕೆ ಎಂದು ಕೇಳಿದವರಿಗೆ ಡಾಕ್ಟರಮ್ಮ, ನಮ್ಮ ಮಷೀನಿನ ಹೊಂದಾಣಿಕೆ ತಪ್ಪಿತ್ತು, ತಪ್ಪು ನಮ್ಮದು ಎಂದು ಮುಖಕ್ಕೆ ಮುಖ ಕೊಟ್ಟು ಹೇಳಿದರು. ಕೆಲವರು ಕೂಗಾಡಿದರು, ಕೂಗಾಡದೆ ಇನ್ನೇನು ಮಾಡುತ್ತಾರೆ? ಹೆಚ್ಚಿನವರದು ಚೆನ್ನಾಗಿತ್ತು. ಕೆಲವರಿಗೆ ಸೂಜಿ ಹಾಕಿಸಬೇಕೆಂದು ಹೇಳಿ ಕಳಿಸಬೇಕಾಯಿತು, ಅವರ ಮುಖ ನೋಡುವಾಗ ನನಗೆ ಭೂಮಿ ಬಾಯಿ ಬಿಡಬಾರದಾ ಅನ್ನಿಸುತ್ತಿತ್ತು. ಅವರನ್ನೆಲ್ಲ ಕರೆದು ಮಲಗಿಸುತ್ತಿದ್ದದ್ದು ಅಕ್ಕನೇ. ಆಪರೇಷನ್ನಿನ ಹಿಂದಿನ ದಿನದವರೆಗೂ ರಜೆ ಹಾಕಲಿಲ್ಲ. ನಮ್ಮವರು ಮಾತ್ರ ಮಷೀನು ಮುಟ್ಟಲಿಲ್ಲ. ಕೋಣೆಗೇ ಬರಲಿಲ್ಲ.

ಮನೆಯಲ್ಲಿ ನಾನು ಅವರನ್ನು ಬಾಯಿಗೆ ಬಂದಂತೆ ಬೈದೆ. ಬೈದರೆ ಎದುರಾಡುವ ಗಂಡಸು, ಆ ದಿನಗಳಲ್ಲಿ ಗೋಡೆಗೆ ಬೈದ ಹಾಗಾಗುತ್ತಿತ್ತು. ತಟ್ಟೆಯ ಮುಂದೆ ಕೂತರೆ ಕೂತರು, ತುತ್ತು ಬಾಯಿಗೆ ಹೋಗುತ್ತಿರಲಿಲ್ಲ. ಅಕ್ಕ ತಮ್ಮನ ಜೊತೆ ಮಾತೇ ಬಿಟ್ಟಿದ್ದರು. ಒಂದು ಸಂಜೆ ಒಗೆದ ಬಟ್ಟೆ ಮಡಿಸುತ್ತಿದ್ದವರು ಇದ್ದಕ್ಕಿದ್ದಂತೆ ಕೈಯಲ್ಲಿದ್ದುದನ್ನು ನೆಲಕ್ಕೆ ಎಸೆದರು.

"ನಂಗೆ ಏನೂ ಆಗಲ್ಲ ಅಂತ ನಿಂಗೆ ಯಾರೋ ಹೇಳಿದ್ರು?"

ದನಿ ಏರಿಸಿ ಕೇಳಿದ್ದೇನಲ್ಲ. ಆದರೂ ನನಗೆ ಕೆನ್ನೆಗೆ ಹೊಡೆದ ಹಾಗಾಯಿತು. ನನ್ನನ್ನೂ ಸೇರಿಸಿಯೇ ಕೇಳಿದ್ದು ಅದು. ಅಕ್ಕನಿಗೆ ಜ್ವರ ಬಂದದ್ದು ನಾನು ಕಂಡವಳಲ್ಲ; ಬಂದಿದ್ದರೂ ಅವರು ಹೇಳಿರುತ್ತಿರಲಿಲ್ಲ, ನಾವು ಕೇಳಿರುತ್ತಿರಲಿಲ್ಲ. ಮನೆಯ ಕಂಬ ಎಂದುಕೊಂಡು ಒರಗಿಕೊಂಡೇ ಇದ್ದೆವು. ನಮ್ಮವರು ನೆಲದ ಮೇಲೆ ಬಿದ್ದಿದ್ದ ಬಟ್ಟೆಯನ್ನು ಎತ್ತಿ ಮಡಿಸತೊಡಗಿದರು. ಸೊಟ್ಟಗೆ ಮಡಿಸಿದರು. ಅಕ್ಕ ಅದನ್ನು ಕಿತ್ತುಕೊಂಡು ಬಿಡಿಸಿ ಮತ್ತೆ ಸರಿಯಾಗಿ ಮಡಿಸಿದರು. ಆ ಸಂಜೆ ಆದ ಮಾತು ಅಷ್ಟೇ.

ಆಪರೇಷನ್ ಆಯಿತು. ಗ್ರಂಥಿಯನ್ನು ಪೂರ್ತಿ ತೆಗೆದರು. ನಮ್ಮವರು ಆಸ್ಪತ್ರೆಯ ಮೆಟ್ಟಿಲ ಮೇಲೆ ಕೂತವರು ಕೂತೇ ಇದ್ದರು. ಅಕ್ಕ ಎರಡನೆಯ ದಿನವೇ ಪಕ್ಕದ ಹಾಸಿಗೆಯವಳ ಜೊತೆ ಹರಟೆಗೆ ಶುರುವಿಟ್ಟುಕೊಂಡು, ಬಾಯಿ ಮುಚ್ಚಿಕೊಂಡಿರಿ, ಹೊಲಿಗೆ ಬಿಚ್ಚಿಹೋಗುತ್ತದೆ ಎಂದು ನರ್ಸಿನ ಕೈಯಲ್ಲಿ ಬೈಸಿಕೊಂಡರು. ನನಗೆ ಜೀವ ಬಂದ ಹಾಗಾಯಿತು. ಇನ್ನೇನು ಮುಗಿಯಿತು, ಗಂಡಾಂತರ ಕಳೆಯಿತು ಎಂದುಕೊಂಡೆ. ನನ್ನಂಥ ಪೆದ್ದಿ ಇನ್ನೊಬ್ಬಳಿಲ್ಲ.

ತೆಗೆದ ಗಡ್ಡೆಯ ಪರೀಕ್ಷೆಯ ವಿಷಯ ಹೇಳಲು ಸರ್ಜನ್ ಬಂದಾಗ ನಮ್ಮವರು ಔಷಧಿ ತರಲು ಕೆಳಗೆ ಹೋಗಿದ್ದರು. ಹಾಸಿಗೆಯ ಹತ್ತಿರ ಇದ್ದದ್ದು ನಾನೊಬ್ಬಳೇ. ಸರ್ಜನ್ ಒಳ್ಳೆಯವರು, ಆದರೆ ಆ ಮಷೀನಿನ ಕಥೆ ಅವರಿಗೆ ಗೊತ್ತಿರಲಿಲ್ಲ. ಕ್ಯಾನ್ಸರ್ ಹೌದು ಎಂದರು. ಅದು ತನ್ನ ಸುತ್ತಲಿನ ಪೊರೆ ದಾಟಿ ರಕ್ತನಾಳಗಳ ಒಳಗೆ ಇಳಿದಿದೆ ಎಂದರು. ಗಡ್ಡೆಗೆ ಅನ್ನ ತಂದುಕೊಟ್ಟ ನಾಳಗಳೇ ಅದಕ್ಕೆ ಹೊರಗೆ ಹೋಗುವ ಬಾಗಿಲೂ ಆಗುತ್ತವಂತೆ. ಅಲ್ಲಿಂದ ರಕ್ತದ ಜೊತೆ ಹೊರಟು ಸೊಂಟದ ಮೂಳೆಯಲ್ಲಿ ಒಂದು ಕಡೆ ಕೂತಿದೆ, ಅದು ಇನ್ನೊಂದು ಸ್ಕ್ಯಾನಿನಲ್ಲಿ ಕಂಡಿದೆ. ಚಿಕಿತ್ಸೆ ಇದೆ, ಮಾಡೋಣ, ಬಹಳ ಕಾಲ ತಡೆದು ಹಿಡಿಯಬಹುದು ಎಂದರು. ತೆಗೆದುಹಾಕಬಹುದು ಎನ್ನಲಿಲ್ಲ. ನಾನು ಕಾಯುತ್ತಲೇ ಇದ್ದೆ, ಆ ಮಾತು ಅವರು ಆಡಲೇ ಇಲ್ಲ.

ಮಂಚದ ಕಂಬಿ ಹಿಡಿದುಕೊಂಡೆ. ಅಕ್ಕ ಮಾತ್ರ ಹುಬ್ಬು ಕೂಡ ಹಾರಿಸದೆ ಒಂದೇ ಒಂದು ಪ್ರಶ್ನೆ ಕೇಳಿದರು.

"ಚಳಿಗಾಲದಲ್ಲೇ ಗೊತ್ತಾಗಿದ್ರೆ, ಡಾಕ್ಟ್ರೇ?"

ಸರ್ಜನ್ ಕೈಯಲ್ಲಿದ್ದ ಕಾಗದ ಮಡಿಸಿದರು. "ಖಂಡಿತ ಅಂತ ಯಾರೂ ಹೇಳೋಕಾಗಲ್ಲಮ್ಮ. ಆದ್ರೆ ಆಗ ಬಹುಶಃ ಕತ್ತಲ್ಲೇ ಮುಗೀತಿತ್ತು."

ಅಕ್ಕ ಸರಿ ಎಂದರು, ಕೈ ಮುಗಿದರು. ಸರ್ಜನ್ ವಾರ್ಡಿನಿಂದ ಹೊರಗೆ ಹೋದರು. ನನ್ನೊಳಗೆ ಸಿಟ್ಟು ಕುದಿಯಿತು, ಇಷ್ಟು ದಿನ ಬೈದದ್ದೆಲ್ಲ ಏನೂ ಅಲ್ಲ ಅನ್ನುವಷ್ಟು. ಬರಲಿ ಮೇಲಕ್ಕೆ, ಈ ವಾರ್ಡಿನಲ್ಲೇ, ಎಲ್ಲರೆದುರಿಗೇ ಕೇಳುತ್ತೇನೆ ಅಂದುಕೊಂಡೆ. ಏನು ಕೇಳುವುದು ಎಂದು ಮಾತ್ರ ಗೊತ್ತಿರಲಿಲ್ಲ. ಅಕ್ಕ ನನ್ನ ಮುಖವನ್ನೇ ನೋಡುತ್ತಿದ್ದರು. ಕೈ ಚಾಚಿ ನನ್ನ ಮಣಿಕಟ್ಟು ಹಿಡಿದುಕೊಂಡರು.

ಔಷಧಿಯ ಚೀಲ ಹಿಡಿದು ನಮ್ಮವರು ಬಂದರು. ಹೊರಗೇ ಸರ್ಜನ್ ಎದುರಾಗಿ ಮೂಳೆಯ ವಿಷಯ ಹೇಳಿದ್ದರೆಂದು ಅವರ ನಡಿಗೆಯಲ್ಲೇ ತಿಳಿಯುತ್ತಿತ್ತು. ಮಂಚದ ಹತ್ತಿರ ಬಂದು ನಿಂತರು, ಅಕ್ಕನ ಮುಖ ನೋಡಲು ಅವರಿಂದಾಗಲಿಲ್ಲ.

"ಕೇಳೋ ಇಲ್ಲಿ" ಎಂದರು ಅಕ್ಕ. "ನಾನು ಡಾಕ್ಟ್ರನ್ನ ಕೇಳ್ದೆ. ಆವತ್ತೇ ಸಿಕ್ಕಿದ್ರೂ ಇಷ್ಟೇ ಆಗಿರ್ತಿತ್ತಂತೆ. ಅಷ್ಟು ಹೊತ್ತಿಗಾಗ್ಲೇ ಮೂಳೆಗೆ ಹೋಗಿ ಕೂತಿತ್ತಂತೆ."

ನಾನು ದಂಗಾದೆ. ಅಷ್ಟು ವರ್ಷ ಒಂದೇ ಸೂರಿನಡಿ ಇದ್ದೆ, ಆ ಹೆಂಗಸು ಸುಳ್ಳು ಹೇಳಿದ್ದು ನಾನು ಕೇಳಿರಲಿಲ್ಲ. ಒಂದು ಅಕ್ಷರ ತಡವರಿಸಲಿಲ್ಲ. ಕಣ್ಣು ಮಿಟುಕಿಸಲಿಲ್ಲ.

ನಮ್ಮವರು ತಲೆ ಎತ್ತಿದರು. ಅಕ್ಕನನ್ನಲ್ಲ, ನನ್ನನ್ನು ನೋಡಿದರು. ನಾನು ಮುಚ್ಚುಮರೆ ತಿಳಿಯದವಳು, ಬಾಯಲ್ಲಿ ಏನೂ ನಿಲ್ಲದವಳು ಎಂದು ಅವರಿಗಿಂತ ಚೆನ್ನಾಗಿ ಬಲ್ಲವರಿಲ್ಲ.

"ನೀನಿಲ್ಲೇ ಇದ್ದೆಯಲ್ಲ. ಹಾಗೇ ಹೇಳಿದ್ರಾ?"

ಅಕ್ಕನ ಬೆರಳುಗಳು ನನ್ನ ಮಣಿಕಟ್ಟಿನಲ್ಲಿ ನಾಟಿಕೊಂಡವು.

"ಹೂಂ ರೀ" ಎಂದೆ. "ಹಾಗೇ ಹೇಳಿದ್ರು."